ಹದಿನೇಳನೇ ನಂಬರಿನ ಸವತಿ

ಮಾರ್ಚ್ ೧೨

ರೀ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿರುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ, ತಪ್ಪಾಯಿತು. ಕೆಲಸ ಜಾಸ್ತಿಯಿತ್ತು ಎನ್ನಬಹುದು. ಎನ್ನುವುದಿಲ್ಲ. ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ.

ಪುಟ್ಟಿಯ ಜ್ವರ ಬಿಟ್ಟಿದೆ. ಮುಂದಿನ ಹಲ್ಲೆರಡೂ ಬಿದ್ದು, ಮಾತಾಡಿದರೆ ಬರೀ ಗಾಳಿ ಬರುತ್ತದೆ. ನೀವು ರಿಪೇರಿ ಮಾಡಿ ಹೋದ ಬಚ್ಚಲಿನ ನಲ್ಲಿ ಮೊದಲಿಗಿಂತ ಜೋರಾಗಿ ಸೋರುತ್ತಿದೆ. ಮೊನ್ನೆ ಅವಳು, "ಅಮ್ಮ, ಜಿಂಕೆಗೆ ಕಟ್ಟಿದ ಹಾಗೆ ಅಪ್ಪನ ಕೊರಳಿಗೂ ಒಂದು ಪಟ್ಟಿ ಕಟ್ಟಿದ್ರೆ ಎಲ್ಲಿದ್ದಾರೆ ಅಂತ ದಿನಾ ಗೊತ್ತಾಗ್ತಿತ್ತಲ್ವಾ?" ಎಂದಳು. ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನೆಲ್ಲ ಕುಕ್ಕಿದೆ.

ನಿಮ್ಮ ಕೊನೆಯ ಪತ್ರ ನಾಲ್ಕು ಪುಟ. ಅದರಲ್ಲಿ ಮೂರೂವರೆ ಪುಟ ಆ ಹದಿನೇಳನೇ ನಂಬರಿನ ಜಿಂಕೆಯದೇ. ಅವಳು ಎಲ್ಲಿ ನೀರು ಕುಡಿದಳು, ಯಾವ ಕಾಲು ಎಳೆದುಕೊಂಡು ನಡೆದಳು, ಮರಿಯನ್ನು ಹೇಗೆ ಮೂಸಿದಳು. "ನಮ್ಮ ಹುಡುಗಿ ತುಂಬ ಬಳಲಿದ್ದಾಳೆ" ಎಂದು ಬೇರೆ ಬರೆದಿದ್ದೀರಿ. ನನಗೆ ಕೊನೆಯಲ್ಲಿ ಎರಡು ಸಾಲು. ನಾನು ಸೊಂಟ ಹಿಡಿದುಕೊಂಡು ಹದಿನೈದು ದಿನ ಬಗ್ಗಲಾರದೆ ಒದ್ದಾಡಿದೆನಲ್ಲ, ಅದರ ಬಗ್ಗೆ ಚಕಾರ ಎತ್ತಿಲ್ಲ. ಹೆಂಗಸರಿಗೆ ಎಂತೆಂಥ ಸವತಿಯರು ಇರುತ್ತಾರಪ್ಪಾ! ನನ್ನವಳಿಗೆ ನಾಲ್ಕು ಕಾಲು, ಒಂದು ಬಾಲ. ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ಅವಳ ಕೊರಳಪಟ್ಟಿಯ ಯಂತ್ರ ಕಳಿಸಿದ ಸುಳಿವು ನೋಡಿ, ನಕ್ಷೆಯಲ್ಲಿ ಚುಕ್ಕೆ ಇಡಬೇಕಾದವಳೂ ನಾನೇ.

ಹೊಟ್ಟೆಕಿಚ್ಚು ರೀ. ಬೇರೆ ಹೆಸರು ಕೊಟ್ಟು ಏನು ಪ್ರಯೋಜನ? ಆ ಹೊಟ್ಟೆಕಿಚ್ಚಿನಲ್ಲಿ ನಾನೊಂದು ಕೆಲಸ ಮಾಡಿದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಪ್ರತಿವರ್ಷ ಒಂದೇ ದಾರಿಯಲ್ಲಿ ಹೋಗಿಬರುವ ಪ್ರಾಣಿಯಾದರೆ ಗೆರೆ ಎಳೆದು, ಇಷ್ಟು ಜಾಗ ಬಿಡಿ ಎಂದು ಗಣಿಯವರಿಗೆ ಹೇಳಬಹುದು. ನಿಮ್ಮವು ಮಳೆ ಬಿದ್ದ ಕಡೆಗೆ ಹೊರಟುಬಿಡುವ ಅಲೆಮಾರಿಗಳು. ಮೊದಲೆರಡು ವರ್ಷ ಉತ್ತರದ ಹುಲ್ಲುಗಾವಲಿನಲ್ಲಿ ಮರಿ ಹಾಕಿದವು. ಈ ವರ್ಷ ಅಲ್ಲಿ ಹನಿ ಬೀಳಲಿಲ್ಲ, ಹಿಂಡು ದಕ್ಷಿಣದ ಬಯಲಿಗೆ ಇಳಿಯಿತು. ಆ ಬಯಲಿಗೆ ಬೇಲಿ ಹಾಕಲು ಗಣಿಯವರು ಕಾದು ಕೂತಿದ್ದಾರೆ. ನಮ್ಮ ಮುಖ್ಯಸ್ಥರು ನಕ್ಷೆಗಳನ್ನು ನನ್ನ ಮುಂದಿಟ್ಟು, "ದಕ್ಷಿಣದ ಚುಕ್ಕೆಗಳು ನಿಜವಾದ್ರೆ ಇನ್ನೂ ಮೂರು ವರ್ಷ ಹಿಂಡಿನ ಹಿಂದೆ ತಿರುಗಬೇಕಾಗುತ್ತೆ. ಯಂತ್ರದ ತಪ್ಪು ಅನ್ನೋದಾದ್ರೆ ಯೋಜನೆ ಈಗಲೇ ಮುಗೀತು, ಜೂನಿಗೆ ಶಿಬಿರ ಎತ್ತಬಹುದು. ನೀವೇ ನೋಡಿ ಬರೀರಮ್ಮ" ಎಂದರು.

ಜೂನ್ ಎಂದದ್ದೊಂದೇ ನನ್ನ ಕಿವಿಗೆ ಬಿದ್ದದ್ದು. ಇನ್ನೂರ ಹದಿಮೂರು ಚುಕ್ಕೆಗಳನ್ನು ಯಂತ್ರದ ತಪ್ಪು ಎಂದು ಬರೆದು ತೆಗೆದುಹಾಕಿದೆ. ಅದರಲ್ಲಿ ನಿಮ್ಮ ಹುಡುಗಿ ಮರಿ ಹಾಕಿದ ಜಾಗವೂ ಇತ್ತು. ಹೋಗೇ ತಾಯಿ, ನನ್ನ ಗಂಡನನ್ನು ಬಿಟ್ಟುಕೊಡು ಎಂದುಕೊಂಡೆ. ಸಂಜೆ ಮನೆಗೆ ಬಂದು ನಿಮ್ಮ ದಿಂಬಿಗೆ ಒಗೆದ ಕವರು ಹಾಕಿದೆ.

ನಿನ್ನೆ ಸಭೆಯಿತ್ತು. ಗಣಿಯವರ ಕಡೆಯ ಸರ್ವೇಯರ್, ತುಂಬ ಮರ್ಯಾದೆಯ ಮನುಷ್ಯ, ಎದ್ದು ನಿಂತು ನನ್ನನ್ನೇ ಕೇಳಿದರು: "ಹಾಗಾದ್ರೆ ಮೇಡಂ, ದಕ್ಷಿಣದ ಬಯಲಲ್ಲಿ ಯಾವ ಪ್ರಾಣಿನೂ ಇಲ್ಲ, ಅಲ್ವಾ? ನಾಳೆಯಿಂದ ಕಂಬ ನೆಡಬಹುದಾ?" ಯಾವ ಪ್ರಾಣಿಯೂ ಇಲ್ಲ ಎನ್ನಲು ಬಾಯಿ ತೆರೆದೆ. ನೀವು ಎಣಿಸಿ ಬರೆದಿದ್ದ ನಲವತ್ತೊಂದು ಮರಿಗಳು ಕಣ್ಣ ಮುಂದೆ ಬಂದವು. ಮರಿ ಬೇಲಿಯ ಒಳಗೆ, ತಾಯಿ ಹೊರಗೆ.

"ಇವೆ ಸರ್. ಯಂತ್ರ ಸರಿಯಾಗೇ ಇತ್ತು. ಚುಕ್ಕೆ ತೆಗೆದಿದ್ದು ನಾನೇ" ಎಂದೆ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಟ್ಟರು.

ನನಗೆ ನೋಟಿಸು ಬಂದಿದೆ, ಯಾಕೆ ಹೀಗೆ ಮಾಡಿದೆ ಎಂದು ಬರೆದುಕೊಡಬೇಕಂತೆ. ಏನೆಂದು ಬರೆಯಲಿ, ನೀವೇ ಹೇಳಿ! ಬೇಲಿಯ ಕೆಲಸ ನಿಂತಿದೆ. ಇನ್ನು ಮೇಲೆ ಒಂದೇ ಗೆರೆ ಎಳೆಯುವುದಿಲ್ಲ. ಆಯಾ ವರ್ಷ ಹಿಂಡು ಎಲ್ಲಿ ಇಳಿಯುತ್ತದೋ ಅಲ್ಲಿ ಕೆಲಸ ನಿಲ್ಲಿಸುವ ಹಾಗೆ ಹೊಸ ಯೋಜನೆ ಮಾಡುತ್ತಾರೆ. ಅದಕ್ಕೆ ಮೂರು ವರ್ಷ ನೋಡಬೇಕು. ಅಂದರೆ ಜೂನಿಗೆ ನೀವು ಬರುವುದಿಲ್ಲ. ನನ್ನ ಕೈಯಾರೆ ನಿಮ್ಮನ್ನು ಅವಳಿಗೆ ಒಪ್ಪಿಸಿ ಬಂದ ಹಾಗಾಯಿತು. ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ಕಣ್ಣಿಗೆ ಧೂಳು ಬಿತ್ತೇನೋ ಎಂದು ಕಿಟಕಿ ಮುಚ್ಚಿದಳು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬಿಸಿಲಿಗೆ ಟೋಪಿ ಹಾಕಿಕೊಳ್ಳಿ, ಇರುವ ನಾಲ್ಕು ಕೂದಲಾದರೂ ಉಳಿಯಲಿ. ನಿಮಗೂ ಆ ಮರಿಗಳಿಗೂ ಒಳ್ಳೆಯದಾಗಲಿ. ಅವಳಿಗೂ ಆಗಲಿ, ಹಾಳಾಗಿ ಹೋಗಲಿ.

ನಿಮ್ಮ,
ಎರಡು ಕಾಲಿನವಳು

ತಾ.ಕ.: ಇದನ್ನು ಬರೆಯಬಾರದೆಂದೇ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸಭೆ ಮುಗಿದ ಮೇಲೆ ಮುಖ್ಯಸ್ಥರು ನನ್ನ ಮುಖ ನೋಡಿ, "ಮೂರು ವರ್ಷ ಅಂತ ಬೇಜಾರು ಮಾಡ್ಕೋಬೇಡಿ. ಯೋಜನೆ ಮುಗಿದ್ರೂ ನನ್ನನ್ನ ಇಲ್ಲೇ ಬಿಡಿ ಅಂತ ನಿಮ್ಮ ಯಜಮಾನ್ರೇ ಜನವರಿಯಲ್ಲಿ ಅರ್ಜಿ ಹಾಕಿದ್ದಾರಲ್ಲ" ಎಂದು ಕಡತ ತೆಗೆದು ತೋರಿಸಿದರು. ನಿಮ್ಮದೇ ಅಕ್ಷರ. 'ಮನೆಯವರ ಒಪ್ಪಿಗೆ ಇದೆಯೇ?' ಎಂದಿದ್ದ ಕಡೆ 'ಇದೆ' ಎಂದು ಬರೆದಿದ್ದಿರಿ. "ನಿಮ್ಮನ್ನ ಕೇಳೇ ಬರೆದಿರ್ತಾರೆ, ಅಲ್ವೇನಮ್ಮ?" ಎಂದರು. ಹೌದು ಸರ್, ಕೇಳಿದ್ರು ಎಂದೆ.