ತಾಳೆಯಾಗದ ಸಹಿ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದೇನೆ, ಇದು ಎಡಗೈ ಬರಹ. ಅತ್ತೆ ಮಲಗಿದ್ದಾರೆ, ಅವರು ಏಳುವಷ್ಟರಲ್ಲಿ ಮುಗಿಸಬೇಕು.

ಮೊದಲು ನಿನ್ನ ತರಬೇತಿಯನ್ನು ಹೊಗಳುತ್ತೇನೆ. ಲೆಕ್ಕ ಬರೆಯುವುದನ್ನು ಕಲಿಯಲಿ ಎಂದು ನಾದಿನಿಯನ್ನು ನಿನ್ನ ಬಳಿ ಕಳಿಸಿದವಳು ನಾನೇ ತಾನೇ? ಮನೆಯಲ್ಲಿ ಬಾಯಿ ಬಿಡದ ಹುಡುಗಿ, ಈಗ ನಮ್ಮ ಉಳಿತಾಯ ಸಂಘದ ಮೇಜಿನ ಹಿಂದೆ ಕೂತರೆ ದೊಡ್ಡ ಸಾಹೇಬರ ಗತ್ತು. ಮೊದಲ ಸಭೆಯಲ್ಲೇ ನೀನು ಹೇಳಿಕೊಟ್ಟಂತೆ ಎದ್ದು ನಿಂತು, ಯಾರ ಖಾತೆಯಲ್ಲಿ ಎಷ್ಟಿದೆ ಎಂದು ಒಬ್ಬೊಬ್ಬರದೇ ಗಟ್ಟಿಯಾಗಿ ಓದಿದಳು. ಎಲ್ಲರ ಕಿವಿಗೂ ಬಿದ್ದರೆ ಯಾರೂ ಮೋಸ ಮಾಡಲಾಗದು ಎಂಬುದು ನಿನ್ನ ಪಾಠವಲ್ಲವೇ? ಹಳೇ ಗುಮಾಸ್ತ ಎಂದೂ ಓದಿದವನಲ್ಲ. ಆ ಧೈರ್ಯದ ಮೇಲೆಯೇ ನಾನು ಅಲ್ಲಿ ದುಡ್ಡಿಟ್ಟಿದ್ದೆ.

ಮಗಳ ಗತ್ತು ನೋಡಲು ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ನನ್ನ ಹೆಸರು ಬಂತು, ಮೊತ್ತವೂ ಬಂತು. ಗಂಡನನ್ನು ಬಿಟ್ಟು ಮಗುವಿನೊಂದಿಗೆ ಬೇರೆ ಮನೆ ಮಾಡಲೆಂದು ಹೊಲಿಗೆಯಲ್ಲಿ ಉಳಿಸಿದ್ದೆಲ್ಲ ಅದೇ. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಓದಿದವಳಿಗೂ ಆಗಲೇ ಅರ್ಥವಾಗಿದ್ದು. ಪಾಪ, ಮುಂದಿನ ಹೆಸರಿಗೆ ತೊದಲಿದಳು.

ಅಂದಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ನಂದೇ ತಪ್ಪು ಅತ್ತಿಗೆ, ಈ ಕೆಲಸಾನೇ ಬಿಟ್ಬಿಡ್ತೀನಿ ಅಂತಾಳೆ. ಬಿಟ್ರೆ ನಿನ್ನ ಕಾಲು ಮುರೀತೀನಿ ಅಂತ ಗದರಿದೆ. ಈ ಮನೆಯಲ್ಲಿ ಅದು ತಮಾಷೆಯ ಮಾತಲ್ಲ ಎಂದು ಆಮೇಲೆ ಹೊಳೆಯಿತು.

ಮುಂದಿನ ತಂಡಕ್ಕಾದರೂ ಬೇರೆ ರೀತಿ ಕಲಿಸು, ಅಕ್ಕಾ. ಲೆಕ್ಕ ತೋರಿಸುವುದು ಬೇರೆ, ಊರಿಗೆಲ್ಲ ಸಾರುವುದು ಬೇರೆ. ಅವರವರ ಪುಟ ಅವರವರಿಗೆ ತೋರಿಸಿ ರುಜು ಹಾಕಿಸಿಕೊಳ್ಳಲಿ, ಸಾಕು. ನಿನ್ನ ಮೇಲೆ ಸಿಟ್ಟಿದೆ, ಇಲ್ಲ ಎನ್ನಲಾರೆ. ಆದರೂ ನನಗೆ ನೀನೇ ಬೇಕು.

ನಿನ್ನ
ಬಾಯಿಬಡುಕಿ

ತಾ.ಕ.: ಮೆಟ್ಟಿಲಿನ ಕಥೆ ಸುಳ್ಳು. ಸಭೆಯ ದಿನ ಸಂಜೆ ಇವರೇ ಕೈ ತಿರುಚಿ ಮುರಿದದ್ದು. ಮರುದಿನ ದುಡ್ಡು ತೆಗೆಯುವ ಚೀಟಿಗೆ ಎಡಗೈಯಲ್ಲಿ ಸಹಿ ಹಾಕಿಸಿಕೊಂಡು ಸಂಘಕ್ಕೆ ಹೋದರು. ಮೇಜಿನ ಹಿಂದೆ ಇವರ ತಂಗಿಯೇ. ಸಹಿ ತಾಳೆ ಆಗ್ತಿಲ್ಲ ಅಣ್ಣ, ದುಡ್ಡು ಕೊಡಕ್ಕೆ ಬರಲ್ಲ ಅಂತ ನಡುಗುತ್ತಲೇ ಚೀಟಿ ವಾಪಸ್ ಕೊಟ್ಟಳಂತೆ. ಈ ಪತ್ರ ಅಂಚೆಗೆ ಹಾಕುವವಳೂ ಅವಳೇ.

ಈಗ ಇವರು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಹಾಲು, ಔಷಧಿ ಎಲ್ಲ ಇವರ ಕೈಯಿಂದಲೇ. ಬಲಗೈ ಬೇಗ ವಾಸಿಯಾಗಬೇಕಂತೆ. ಕಟ್ಟು ಬಿಚ್ಚುವ ಮೊದಲು ಬಾ.