ಹಿಂದಿನ ಚಕ್ರದ ಬ್ರೇಕು

ಕಿತೋಜೊ, ಕಬಾಲೆ ಬೆಟ್ಟದ ದಾರಿ
ಶುಕ್ರವಾರ, 9 ಜೂನ್ 2017

ಮಗನೇ ತುರಿನಾವೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಹೇಗಿದ್ದೀಯ? ಕೆಮ್ಮು ಇಳಿಯಿತೇ? ಜೈಲಿನ ನೆಲ ಥಂಡಿ, ಕಂಬಳಿಯನ್ನು ಹೊದೆಯುವ ಬದಲು ಕೆಳಗೆ ಹಾಸಿಕೋ. ಇನ್ನೂ ಐದು ವರ್ಷ ಕಳೆಯಬೇಕಾದವನಿಗೆ ಎದೆ ಗಟ್ಟಿಯಿರಬೇಕು. ನಾವು ಹೇಗೋ ಇದ್ದೇವೆ. ಮಕ್ಕಳಿಬ್ಬರಿಗೆ ಒಂದು ಹೊತ್ತು ಆಲೂಗಡ್ಡೆ, ಒಂದು ಹೊತ್ತು ಜೋಳದ ಗಂಜಿ. ಚಿಕ್ಕವಳು ಮೋಟಾರ್‌ಸೈಕಲ್ ಸದ್ದಾದರೆ ಈಗಲೂ ಬಾಗಿಲಿಗೆ ಓಡುತ್ತಾಳೆ. ನಾವೂ ಬೇಡವೆನ್ನುವುದಿಲ್ಲ.

ಇನ್ನು ಸುದ್ದಿ. ಪೊಲೀಸರು ಕೊನೆಗೂ ನಿನ್ನ ಮೋಟಾರ್‌ಸೈಕಲ್ಲನ್ನು ಬಿಟ್ಟರು. ಹದಿನಾಲ್ಕು ತಿಂಗಳು ಠಾಣೆಯ ಹಿತ್ತಿಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು, ನೋಡಿ ಹೊಟ್ಟೆ ಉರಿಯಿತು. ನೀನು ಕೊಂಡಾಗಲೇ ಮೂರು ಕೈ ದಾಟಿದ್ದ ಮುದಿ ಗಾಡಿ ಅದು. ಗುಜರಿಗೆ ಹಾಕೋಣ ಎಂದೆ. ನಿನ್ನ ಹೆಂಡತಿ ಕೆಬಿರುಂಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಗುಜರಿಗೆ ಹಾಕಿದ್ರೆ ಮಕ್ಳು ಎಷ್ಟು ದಿನ ತಿಂತಾವೆ ಮಾವ? ರಿಪೇರಿ ಮಾಡ್ಕೊಡಿ. ನಾನೇ ಜನರನ್ನ ಕೂರಿಸ್ಕೊಂಡು ಬಾಡಿಗೆ ಹೊಡೀತೀನಿ." ಹೆಂಗಸು, ಅದೂ ಆ ಇಳಿಜಾರಿನಲ್ಲಿ! ಟೀಚರಮ್ಮ ಓರಿಶಾಬ ನಿನ್ನ ಹಿಂದೆ ಕೂತು ಪ್ರಾಣ ಬಿಟ್ಟ ಅದೇ ತಿರುವಿನಲ್ಲಿ, ಅದೇ ಗಾಡಿಯಲ್ಲಿ! ಬಯ್ದೆ, ಬೇಡಿಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಸೋತು ಸ್ಪ್ಯಾನರ್ ಹಿಡಿದೆ. ದಿನವೂ ಅವಳನ್ನು ಜೀವಸಹಿತ ಕೆಳಗಿಳಿಸಿ ಮೇಲೆ ತರುವಂಥ ಗಾಡಿಯಾಗಬೇಕು, ನನಗೆ ಬೇಕಾದದ್ದು ಅಷ್ಟೇ.

ಟ್ಯಾಂಕಿನ ತುಂಬ ತುಕ್ಕು. ಜಲ್ಲಿ ಹಾಕಿ, ಸೀಮೆಎಣ್ಣೆ ಸುರಿದು, ನಿನ್ನ ಮಕ್ಕಳಿಂದ ಕುಲುಕಿಸಿದೆ. ಎರಡು ದಿನ ಮನೆಯಲ್ಲಿ ಅದೇ ಸಂಗೀತ. ಕಾರ್ಬ್ಯುರೇಟರ್‌ನೊಳಗೆ ಕಣಜ ಗೂಡು ಕಟ್ಟಿ ಸಂಸಾರ ಹೂಡಿತ್ತು. ಸೊಟ್ಟಗಾಗಿದ್ದ ಮುಂದಿನ ಫೋರ್ಕನ್ನು ನೀಲಗಿರಿ ಮರಕ್ಕೆ ಬಿಗಿದು, ನಾಲ್ಕು ಜನರಿಂದ ಎಳೆಸಿ ನೆಟ್ಟಗೆ ಮಾಡಿದೆ. ಮುಂದಿನ ಬ್ರೇಕಿಗೂ ಕೇಬಲ್ ಎಳೆದೆ. ನಮ್ಮಲ್ಲಿ ಯಾರು ಅದನ್ನು ಇಟ್ಟುಕೊಳ್ಳುತ್ತಾರೆ ಹೇಳು? ಮಣ್ಣುರಸ್ತೆಯಲ್ಲಿ ಮುಗ್ಗರಿಸಿ ಕೆಡವುತ್ತದೆಂದು ಕೊಂಡ ದಿನವೇ ಬಿಚ್ಚಿ ಎಸೆಯುವ ಜಾಣರು ನಾವು. ಸ್ಟೇಜಿನಲ್ಲಿ ಗಿರಾಕಿಗಾಗಿ ಕಾಯುವ ನಿನ್ನ ಗೆಳೆಯರಿಗೆ ಅದೇ ತಮಾಷೆ. "ಅಜ್ಜೋ, ಸೊಸೆಗೆ ಒಂದು ತೊಟ್ಟಿಲೂ ಕಟ್ಕೊಡು!" ಎಂದು ಕೂಗಿದರು. "ನಿಮ್ಮ ಹೆಣ ಹೊರೋಕೆ ಕರೀತಾರಲ್ಲ, ಆಗ ಬಂದು ನಾನೂ ನಗ್ತೀನಿ ಕಣ್ರೋ" ಎಂದೆ. ಎಂಜಿನ್ ಏಳನೆಯ ಒದೆತಕ್ಕೆ ಎದ್ದಿತು.

ಹಿಂದಿನ ಬ್ರೇಕನ್ನು ಮಾತ್ರ ಪೇಟೆಯ ಮೆಕ್ಯಾನಿಕ್ ಬತುರೈನೆಯ ಕೈಲಿ ಮಾಡಿಸಿದೆ, ಹೊಸ ಬ್ರೇಕ್ ಶೂ ಹಾಕಿಸಿ. ವಯಸ್ಸಾಯಿತಪ್ಪ, ಕೈ ನಡುಗುತ್ತದೆ.

ಹಿಂಬದಿಗೆ ಎರಡು ಮೂಟೆ ಆಲೂಗಡ್ಡೆ ಕಟ್ಟಿ ಇಳಿಜಾರಿಗೆ ಬಿಟ್ಟು ನೋಡಿದ್ದಾಯಿತು. ಎಂಜಿನ್ ಆರಿಸಬಾರದು ಎಂದು ಕೆಬಿರುಂಗಿಯಿಂದ ಆಣೆ ಹಾಕಿಸಿದೆ. ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಬೆಟ್ಟದಿಂದ ಫ್ರೀ ಬಿಡುವ ಚಾಳಿ ನಮ್ಮ ಊರಿಗೇ ಅಂಟಿದ ಶನಿ. ನಿನಗೆ ಆರು ವರ್ಷ ಶಿಕ್ಷೆ ಬಿದ್ದದ್ದೂ ಅದಕ್ಕೇ. ಅವಳು ಎರಡನೆಯ ಗೇರಿನಲ್ಲಿ ಇಳಿದಳು, ತಿರುವಿನಲ್ಲಿ ನಿಂತಳು, ಮತ್ತೆ ಹೊರಟಳು. ನಾನು ರಸ್ತೆಯ ಮಧ್ಯದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಗಾಡಿಯೇನೋ ಸರಿಯಾಯಿತು, ಜನ ಸರಿಯಾಗಲಿಲ್ಲ. ಒಂಬತ್ತು ದಿನದಲ್ಲಿ ಹತ್ತಿದವರು ಇಬ್ಬರು, ಇಬ್ಬರೂ ಪರವೂರಿನವರು. ನಮ್ಮವರು ಆ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. "ಹೆಣ ಹೊತ್ತ ಗಾಡಿ ನಮಗ್ಯಾಕಮ್ಮ" ಎಂದು ಅವಳ ಮುಖದ ಮೇಲೇ ಅಂದರಂತೆ. ಆದರೂ ಬೆಳಗಾದರೆ ಸ್ಟೇಜಿಗೆ ಹೋಗಿ ನಿಲ್ಲುತ್ತಾಳೆ. ಎಷ್ಟು ದಿನ ನಿಲ್ಲುತ್ತಾಳೋ ನನಗೆ ಗೊತ್ತಿಲ್ಲ.

ದೇವರು ನಿನ್ನನ್ನು ಕಾಯಲಿ. ನಿನ್ನ ಪಕ್ಕದಲ್ಲಿ ಮಲಗುವ ಆ ಮುದುಕನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ,
ತಿಬೆಸಿಗ್ವ

ಮತ್ತೆ: ಕೆಬಿರುಂಗಿ ಎದುರಿಗೇ ನಿಂತಿದ್ದಾಳೆ. "ಅದನ್ನ ಬರೀದೆ ಲಕೋಟೆ ಅಂಟಿಸ್ಬೇಡಿ ಮಾವ. ನೀವು ಬರೀದಿದ್ರೆ ನಾನೇ ಹೇಳ್ತೀನಿ" ಅನ್ನುತ್ತಿದ್ದಾಳೆ. ಬರೆಯುತ್ತೇನೆ. ಹಿಂದಿನ ಚಕ್ರ ಬಿಚ್ಚಿದಾಗ ಚಕ್ರವನ್ನು ಒತ್ತಿ ಹಿಡಿಯಬೇಕಾದ ಬ್ರೇಕಿನ ಲೈನಿಂಗ್ ಪಟ್ಟಿ ಶೂವಿನಿಂದ ಇಡಿಯಾಗಿ ಕಳಚಿ ಒಳಗೆ ಬಿದ್ದಿತ್ತು. ಆ ಅಪಘಾತಕ್ಕೆ ಮೊದಲು ಲಾರಿಯ ಹಳೆಯ ಲೈನಿಂಗ್ ಕತ್ತರಿಸಿ ಅಂಟಿಸಿದ್ದವನು ನಾನೇ. ಅಂಟು ಗಟ್ಟಿಯಾಗಲು ತಂತಿ ಬಿಗಿದು, ಕೆಂಡದ ಬಿಸಿಯಲ್ಲಿ ಒಂದು ಇಡೀ ದಿನ ಬಿಡಬೇಕು. ಮರುದಿನ ಸಂತೆ, ನಿನಗೆ ಬಾಡಿಗೆ ತಪ್ಪಬಾರದೆಂದು ಅರ್ಧ ದಿನಕ್ಕೇ ಬಿಚ್ಚಿ ಹಾಕಿಕೊಟ್ಟೆ. "ಎಂಜಿನ್ ಆನ್ ಇತ್ತಪ್ಪ, ಬ್ರೇಕೇ ಹಿಡೀಲಿಲ್ಲ" ಎಂದು ನೀನು ಹೇಳಿದ್ದು ಸತ್ಯ. "ನನ್ನ ಬ್ರೇಕ್ ಕೈ ಕೊಡಲ್ಲ ಕಣೋ. ಫ್ರೀ ಬಿಟ್ಟೆ ಅಂತ ಒಪ್ಕೊ, ಶಿಕ್ಷೆನಾದ್ರೂ ಕಮ್ಮಿ ಆಗತ್ತೆ" ಎಂದು ಕೋರ್ಟಿನ ಜಗುಲಿಯಲ್ಲಿ ನಿನ್ನ ಕುತ್ತಿಗೆ ಹಿಡಿದವನು ನಾನು. ನೀನು ಒಳಗೆ ಹೋಗಿ ಒಪ್ಪಿಕೊಂಡೆ. ಸೋಮವಾರ ಆ ಲೈನಿಂಗ್ ತುಂಡು ಹಿಡಿದು ವಕೀಲರ ಹತ್ತಿರ ಹೋಗಿದ್ದೆ. "ಮಗನೇ ತಪ್ಪೊಪ್ಪಿಕೊಂಡು ವರ್ಷ ಆಯ್ತು. ಈಗ ಅಪ್ಪ ಬಂದು ಬ್ರೇಕ್ ತೋರಿಸಿದ್ರೆ ಯಾರಪ್ಪ ಕೇಳ್ತಾರೆ?" ಎಂದು ಬಾಗಿಲು ತೋರಿಸಿದರು. ಹೋದ ಭಾನುವಾರ ಮಂಡಿನೋವೆಂದು ನಾನು ಬರಲಿಲ್ಲವಲ್ಲ, ಅದು ಸುಳ್ಳು. ಜೈಲಿನ ಗೇಟಿನವರೆಗೆ ಬಂದು ತಿರುಗಿ ಹೋದೆ. ಈ ಭಾನುವಾರ ಕೆಬಿರುಂಗಿ ಈ ಕಾಗದ ಹಿಡಿದು ಬರುತ್ತಾಳೆ. ನಾನು ನಿನಗೆ ಮುಖ ತೋರಿಸಬಹುದೋ ಬೇಡವೋ, ಅವಳ ಕೈಲಿ ಹೇಳಿ ಕಳಿಸು.