ಅಣ್ಣ ಬರೆದಿಟ್ಟ ಸಾಲು

ತಿಪ್ಪೇರುದ್ರಾ,

ಅಣ್ಣನ ಮಣ್ಣಾದ ಮ್ಯಾಲೆ ಸಿರುಗುಪ್ಪಕ್ಕ ಹೋದ ಅವ್ವ, ಅಂವ ಇಲ್ಲದ ಈ ಮನಿಗೆ ಬರಾಕ ಒಲ್ಲೆ ಅಂತಾಳ. ಕರಕೊಂಡು ಬರಾಕ ಹೊಂಟೀನಿ. ಸಂಜಿ ಬಸ್ಸಿಗೆ ಬರತೀವಿ.

ಅಣ್ಣನ ಶಿವಗಣಾರಾಧನಿ ಕಾರ್ಡು ಇವತ್ತೇ ಪ್ರಿಂಟ್ ಆಗಬೇಕು. ಕಂಪ್ಯೂಟರಿಗೆ ತಾನಾಗಿ ಕನ್ನಡ ಬರಂಗಿಲ್ಲ. ಚಾಲೂ ಆಗುವಾಗಲೇ ಅಣ್ಣ ಬರೆದ ಡ್ರೈವರು ಅನ್ನೋ ಪ್ರೋಗ್ರಾಮು ಒಳಗ ಹೋಗಿ ಕುಂತರೆ ಮಾತ್ರ ಅಕ್ಷರ ಮೂಡತಾವ. ಫ್ಲಾಪಿಯೊಳಗ ಅದನ್ನ ಕರೆಯೋ ಸಾಲನ್ನೇ ನಿನ್ನೆ ದಂಡ ಅಂತ ಅಳಿಸಿಬಿಟ್ಟಿ. ಒಂದು ಮಾತು ಕೇಳಬಾರದೇನಲೇ? ಮತ್ತ ಹಾಕೀನಿ, ಮುಟ್ಟಬ್ಯಾಡ.

ಅಣ್ಣನ ಫ್ಲಾಪಿ ಹಾಕಿ ಚಾಲೂ ಮಾಡು. ಡ್ರೈವರು ಒಳಗ ಹೋದಕೂಡ್ಲೆ ‘ಬಂದೀನಿ, ಬರೀರಿ’ ಅಂತ ಪರದೆ ಮ್ಯಾಲೆ ಕಾಣತೈತಿ. ಅಣ್ಣ ಚ್ಯಾಷ್ಟಿಗೆ ಬರೆದಿಟ್ಟದ್ದು. ಆಮ್ಯಾಲೆ ಕಾರ್ಡು ತೆಗಿ.

ಮುಗಿದ ಮ್ಯಾಲೆ ಇನ್ನೊಮ್ಮೆ ಚಾಲೂ ಮಾಡಿ, ‘ಬಂದೀನಿ’ ಅನ್ನೋ ಆ ಸಾಲು ಕಾಣೋಹಂಗೇ ಬಿಡು. ಅವ್ವ ಒಳಗ ಬಂದಕೂಡ್ಲೆ ಅದನ್ನ ಓದಲಿ.

ಕೊಟ್ರಕ್ಕ